ಸಿಡಿಲಿನ ಮಾತು ಆಮೇಲೆ, ಮೊದಲು ಬಚ್ಚಲ ನಲ್ಲಿ ನೋಡಿ

ಓದುಗರ ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ (74) ಮತ್ತು ಅಮ್ಮ (69) ಉಡುಪಿಯ ಹಿರಿಯಡಕದ ಹತ್ತಿರ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಇಬ್ಬರೇ ಇರುತ್ತಾರೆ. ಕಳೆದ ಅಕ್ಟೋಬರ್‌ನಲ್ಲಿ ಒಂದು ಸಂಜೆ ಮನೆ ಹಿಂದಿನ ತೆಂಗಿಗೆ ಸಿಡಿಲು ಬಡಿದು ಟಿವಿ, ಮೋಡೆಮ್, ಪಂಪಿನ ಸ್ಟಾರ್ಟರ್ ಮೂರೂ ಸುಟ್ಟುಹೋದವು. ಅಂದಿನಿಂದ ಗುಡುಗು ಕೇಳಿದರೆ ಅಮ್ಮ ನಡುಗುತ್ತಾರೆ. ಅಜ್ಜಿ ಮಾಡುತ್ತಿದ್ದ ಹಾಗೆ ಅಂಗಳಕ್ಕೆ ಓಡಿ ಕತ್ತಿ ಎಸೆದು ಬರುತ್ತಾರೆ. ಅಂಗಳಕ್ಕೆ ತಗಡಿನ ಶೀಟ್ ಹಾಕಿಸಿದ್ದರಿಂದಲೇ ಸಿಡಿಲು ಬಂತು ಅಂತ ನೆಂಟರು ಹೇಳುತ್ತಾರೆ. ಒಬ್ಬರು ಬಂದು ಮಾಡಿನ ಮೇಲೆ ವಿಶೇಷ ಮಿಂಚುಬಂಧಕ ಹಾಕಿದರೆ ಸುತ್ತ 80 ಮೀಟರ್ ರಕ್ಷಣೆ, 65 ಸಾವಿರ ರೂಪಾಯಿ ಆಗುತ್ತದೆ ಅಂದಿದ್ದಾರೆ. ಮನೆಯ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಮಳೆ ಬಂದಾಗಲೆಲ್ಲ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ಬಿಟ್ಟು ನೇರ ಕನೆಕ್ಷನ್ ಕೊಟ್ಟ ಮೇಲೆ ಆ ರಗಳೆ ಇಲ್ಲ. ಮಳೆಗಾಲದಲ್ಲಿ ಬಚ್ಚಲ ನಲ್ಲಿ ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತದೆ ಅಂತಲೂ ಅಮ್ಮ ಹೇಳುತ್ತಾರೆ. ಮಿಂಚುಬಂಧಕ ಹಾಕಿಸಲೇ? ಸಿಡಿಲು ಬಡಿದವರನ್ನು ಮುಟ್ಟಬಾರದು ಅನ್ನುವುದು ನಿಜವೇ?

ಉತ್ತರ: ನಿಮಗೆ ಹೆದರಿಕೆ ಇರುವುದು ಸಿಡಿಲಿನದು. ಮೂರು ಸಾಮಾನು ಒಟ್ಟಿಗೆ ಸುಟ್ಟ ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ ಇದ್ದಾರೆ ಅಂದರೆ ಯಾರಿಗಾದರೂ ನಿದ್ದೆ ಬರುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಗೆ ಬರುವ ಎರಡು ವಿಷಯ. ಇಎಲ್‌ಸಿಬಿ ತೆಗೆದಿದ್ದಾರೆ, ಬಚ್ಚಲ ನಲ್ಲಿ ಜುಮ್ಮೆನ್ನುತ್ತದೆ. ಇವೆರಡೂ ಒಂದೇ ಮನೆಯಲ್ಲಿ ಇದ್ದರೆ ಅದು ಇವತ್ತೇ ಸರಿ ಆಗಬೇಕಾದ ಕೆಲಸ. ಸಿಡಿಲು ನಿಮ್ಮ ಮನೆಗೆ ಮತ್ತೆ ಬಡಿಯುತ್ತದೋ ಇಲ್ಲವೋ ಗೊತ್ತಿಲ್ಲ. ಆ ನಲ್ಲಿಯನ್ನು ಅಮ್ಮ ದಿನಾ ಮುಟ್ಟುತ್ತಾರೆ, ಒದ್ದೆ ಕೈಯಲ್ಲಿ, ಬರಿಗಾಲಲ್ಲಿ.

ಹಾಗಾಗಿ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿ. ಗೀಸರ್‌ನ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕೆಳಗೆ ಮಾಡಲಿ. ಸ್ನಾನಕ್ಕೆ ಕೆಲವು ದಿನ ಒಲೆಯ ಹಂಡೆಯ ನೀರು ಸಾಕು. ಪಂಪ್ ಹಾಕುವಾಗ ಇಬ್ಬರೂ ಪೈಪು, ನಲ್ಲಿ ಮುಟ್ಟದೆ ಇರಲಿ. ಟ್ಯಾಂಕ್ ತುಂಬಿದ ಮೇಲೆ ಪಂಪಿನ ಮೈನ್ ಆಫ್ ಮಾಡಿಯೇ ನೀರು ಬಳಸಲಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಇಷ್ಟಾದರೂ ಮಾಡಲಿ.

ಈಗ ಇಎಲ್‌ಸಿಬಿ ಏನು ಮಾಡುತ್ತದೆ ಅಂತ ನೋಡೋಣ. ಲೈನಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸು ಬಂತಾ ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂದರೆ ಅಷ್ಟು ಕರೆಂಟು ಬೇರೆ ಎಲ್ಲಿಂದಲೋ ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ. ಅದು ಗೋಡೆಯ ತೇವದ ಮೂಲಕ ಇರಬಹುದು, ಮನುಷ್ಯರ ಮೈ ಮೂಲಕವೂ ಇರಬಹುದು. ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಕಡಿದುಹಾಕುತ್ತದೆ. ಮೈಯಲ್ಲಿ 10 ಮಿಲಿಆಂಪಿಯರ್ ಹರಿದರೇ ಹಿಡಿದದ್ದನ್ನು ಬಿಡಲು ಕೈಗೆ ಆಗದೆ ಹೋಗಬಹುದು. 50 ದಾಟಿ ಒಂದೆರಡು ಸೆಕೆಂಡು ನಿಂತರೆ ಹೃದಯದ ಬಡಿತ ತಪ್ಪುವ ಅಪಾಯ ಇದೆ. ಅಷ್ಟರೊಳಗೆ ಕಡಿಯಬೇಕು ಅಂತಲೇ 30ರ ಮಿತಿ ಇಟ್ಟಿದ್ದಾರೆ.

‘ಎಂಸಿಬಿ ಇದೆಯಲ್ಲ, ಅರ್ಥಿಂಗ್ ಇದೆಯಲ್ಲ’ ಅಂತ ಎಲೆಕ್ಟ್ರಿಷಿಯನ್ ಹೇಳಬಹುದು. ನಮ್ಮ ಕರಾವಳಿಯಲ್ಲಿ ಈ ಮಾತು ನಂಬಿ ಕೂರುವಂತಿಲ್ಲ, ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಮನೆಯ ಅಡಿ ಇರುವುದು ಮುರಕಲ್ಲು (ಜಂಬಿಟ್ಟಿಗೆ). ಬಾವಿ ತೋಡುವಾಗ ನೋಡಿರುತ್ತೀರಿ, ಮಳೆ ನೀರು ಅದರ ತೂತುಗಳಲ್ಲಿ ಇಳಿದು ಹೋಗುತ್ತದೆ, ಮೇಲಿನ ಪದರ ಬೇಗ ಒಣಗುತ್ತದೆ. ಒಣಗಿದ ಮುರಕಲ್ಲು ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ಥ್ ಗುಂಡಿಯ ರೋಧ 20 ಓಮ್ ಇದೆ ಅಂತಿಟ್ಟುಕೊಳ್ಳಿ. ಇಲ್ಲಿನ ಗುಡ್ಡೆ ಜಾಗಗಳಲ್ಲಿ ಅದೇನೂ ಜಾಸ್ತಿ ಅಲ್ಲ. ಪಂಪಿನ ಒಳಗೆ ವಯರ್ ಸುಲಿದು ಲೈನು ಅದರ ಕಬ್ಬಿಣದ ಮೈಗೆ ತಾಗಿತು. 230 ವೋಲ್ಟನ್ನು 20ರಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು 11.5 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅದು ಮಾಮೂಲಿ ಲೋಡ್, ಅದು ಬೀಳುವುದಿಲ್ಲ. ಪಂಪಿನ ಮೈಯಲ್ಲಿ, ಅದಕ್ಕೆ ಜೋಡಿಸಿದ ಕಬ್ಬಿಣದ ಪೈಪಿನಲ್ಲಿ, ಪೈಪು ಬಂದು ಮುಟ್ಟುವ ನಲ್ಲಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಅದೇ ಜಾಗದಲ್ಲಿ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ ಇದ್ದರೆ ಈ 11.5 ಆಂಪಿಯರ್ ಅದರ ಮಿತಿಯ ಮುನ್ನೂರು ಪಟ್ಟಿಗಿಂತ ಹೆಚ್ಚು. ಪಂಪ್ ಹಾಕಿದ ಕ್ಷಣವೇ ಬೀಳುತ್ತದೆ, ಯಾರೂ ಮುಟ್ಟುವ ಮುಂಚೆ. ಗುಂಡಿಯ ರೋಧ ನೂರಿನ್ನೂರು ಓಮ್ ಆದರೂ ಅದು ಕೆಲಸ ಮಾಡುತ್ತದೆ. ಮುರಕಲ್ಲಿನ ಊರಿನಲ್ಲಿ ಅರ್ಥಿಂಗ್ ಮಾತ್ರ ನಂಬಿಕೊಂಡರೆ ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಮಳೆ ಬಂದಾಗ ಅದು ಯಾಕೆ ಬೀಳುತ್ತಿತ್ತು? ಎಲ್ಲೋ ನೀರು ನುಗ್ಗಿತ್ತು ಅಂತ. ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಹಂಚಿನ ಮನೆಗಳಲ್ಲಿ ನೀರು ಸೇರುವ ಜಾಗಗಳು ಹೆಚ್ಚುಕಡಿಮೆ ಒಂದೇ. ಅಂಗಳದ ಶೀಟಿನ ಕೆಳಗೆ ನೇತಾಡುವ ಬಲ್ಬ್ ಹೋಲ್ಡರ್. ಗಾಳಿಗೆ ಎರಚಲು ಹೊಡೆಯುವ ಗೋಡೆಯ ಸ್ವಿಚ್‌ಬೋರ್ಡ್. ಬಾವಿಕಟ್ಟೆಯ ಹತ್ತಿರ ಬರೀ ಟೇಪ್ ಸುತ್ತಿಬಿಟ್ಟ ಕೇಬಲ್ ಜಾಯಿಂಟ್. ಮಾಡಿನ ಪಕಾಸಿಗೆ ಮೊಳೆ ಹೊಡೆದು ಎಳೆದ, ಇಲಿ ಕಡಿದ ಹಳೆ ವಯರ್. ಕೆಲವೊಮ್ಮೆ ಸ್ವಿಚ್‌ಬೋರ್ಡ್ ಒಳಗೆ ಇರುವೆಗಳು ಮಣ್ಣು ತಂದು ಗೂಡು ಮಾಡಿರುತ್ತವೆ, ಆ ಮಣ್ಣಿಗೆ ತೇವ ಬಂದರೂ ಸಾಕು.

ಹುಡುಕುವ ಕ್ರಮ ಹೀಗೆ. ಎಲ್ಲ ಎಂಸಿಬಿ ಕೆಳಗೆ ಮಾಡಿ ಇಎಲ್‌ಸಿಬಿ ಏರಿಸಬೇಕು. ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತಾ ಬಂದರೆ ಯಾವುದಕ್ಕೆ ಬೀಳುತ್ತದೋ ತಪ್ಪು ಆ ದಾರಿಯಲ್ಲಿದೆ. ಹೆಚ್ಚಿನವರು ಸೋಲುವುದು ಇದರ ಮುಂದಿನ ಹಂತದಲ್ಲಿ. ಮನೆಯ ಸಾದಾ ಎಂಸಿಬಿ ಕಡಿಯುವುದು ಲೈನನ್ನು ಮಾತ್ರ, ನ್ಯೂಟ್ರಲ್ ಹಾಗೇ ಸೇರಿಕೊಂಡಿರುತ್ತದೆ. ನ್ಯೂಟ್ರಲ್ ವಯರೇ ಎಲ್ಲೋ ಗೋಡೆಗೆ ತಾಗಿದ್ದರೆ ಯಾವ ಎಂಸಿಬಿ ಆಫ್ ಮಾಡಿದರೂ ಬೀಳುವುದು ನಿಲ್ಲುವುದಿಲ್ಲ. ಆಗ ‘ಇಎಲ್‌ಸಿಬಿಯೇ ಹಾಳು’ ಅಂತ ತೆಗೆದುಬಿಡುತ್ತಾರೆ. ನ್ಯೂಟ್ರಲ್‌ಗಳನ್ನೂ ಬಿಡಿಸಿ ಮೆಗ್ಗರ್ (ವಯರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದು ಅಳೆಯಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ವಯರನ್ನು ಬದಲಿಸಬೇಕು. ಮೆಗ್ಗರ್ ಇಲ್ಲದ ಎಲೆಕ್ಟ್ರಿಷಿಯನ್‌ಗೆ ಈ ಕೆಲಸ ಕೊಡಬೇಡಿ, ಟೆಸ್ಟರ್‌ನಲ್ಲಿ ಇದು ಗೊತ್ತಾಗುವುದಿಲ್ಲ.

ಹೊಸದು ಹಾಕಿಸುವಾಗ ಅಂಗಡಿಯಲ್ಲಿ ಆರ್‌ಸಿಸಿಬಿ ಅಂತ ಕೇಳಿ, ಈಗ ಬರುವುದು ಅದೇ. ಮೈ ಮೇಲೆ 30 ಮಿಲಿಆಂಪಿಯರ್ ಅಂತ ಬರೆದಿರಬೇಕು. ‘ಇದು ಹಾಕಿದರೆ ಸುಮ್ನೆ ಸುಮ್ನೆ ಬೀಳುವುದಿಲ್ಲ’ ಅಂತ 100 ಅಥವಾ 300ರದ್ದು ತಂದರೆ ವಾಪಸು ಕಳಿಸಿ. ಅವು ಬೆಂಕಿ ತಡೆಯುವ ಮಟ್ಟದವು, ಜೀವ ಉಳಿಸುವವಲ್ಲ. ಇಡೀ ಮನೆಗೆ ಒಂದೇ ಹಾಕುವ ಬದಲು ಮನೆಯೊಳಗಿಗೆ ಒಂದು, ಪಂಪು ಮತ್ತು ಹೊರಗಿನ ಲೈಟಿಗೆ ಇನ್ನೊಂದು ಹಾಕಿಸಿ. ಹೊರಗೆ ನೀರು ಬಿದ್ದರೆ ಹೊರಗಿನದ್ದು ಮಾತ್ರ ಬೀಳುತ್ತದೆ, ಅಪ್ಪ ಕತ್ತಲೆಯಲ್ಲಿ ಮೀಟರ್ ಬೋರ್ಡ್ ತಡಕಾಡಬೇಕಾಗಿಲ್ಲ, ಫ್ರಿಜ್ ಸಹ ನಡೆಯುತ್ತಿರುತ್ತದೆ. ಒಂದೊಂದಕ್ಕೆ ಎರಡು-ಮೂರು ಸಾವಿರ ರೂಪಾಯಿ ಆದೀತು. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ಬೀಳದಿದ್ದರೆ ಬದಲಿಸಬೇಕು.

ಇನ್ವರ್ಟರ್ ಇದೆಯಾ? ನೀವು ಬರೆದಿಲ್ಲ, ಇರಬಹುದು ಅಂತ ಹೇಳುತ್ತೇನೆ. ಮೈನ್ ಆಫ್ ಮಾಡಿದರೂ ಇನ್ವರ್ಟರ್‌ನ ಲೈನುಗಳಲ್ಲಿ ಕರೆಂಟು ಇರುತ್ತದೆ. ಬ್ಯಾಟರಿಯಲ್ಲಿ ನಡೆಯುವಾಗ ಮೀಟರ್ ಬೋರ್ಡಿನ ಆರ್‌ಸಿಸಿಬಿ ಬಿದ್ದರೂ ಆ ಲೈನು ಕಡಿಯುವುದಿಲ್ಲ. ಅದರ ಔಟ್‌ಪುಟ್‌ಗೆ ಪ್ರತ್ಯೇಕ ಆರ್‌ಸಿಸಿಬಿ ಬೇಕು.

ಇನ್ನೊಂದು ವಿಷಯವನ್ನು ಎಲೆಕ್ಟ್ರಿಷಿಯನ್ ಹತ್ತಿರ ನೇರವಾಗಿ ಕೇಳಿ: ಅರ್ಥ್ ಪಿನ್ನಿಗೆ ನ್ಯೂಟ್ರಲ್‌ನಿಂದ ಜಂಪರ್ (ತುಂಡು ವಯರ್) ಕೊಟ್ಟಿದ್ದೀರಾ? ಅರ್ಥ್ ವಯರ್ ಇಲ್ಲದ ಹಳೆ ಮನೆಗಳಲ್ಲಿ ಕೆಲವರು ಸಾಕೆಟ್ ಒಳಗೇ ಹೀಗೆ ಸೇರಿಸಿಬಿಡುತ್ತಾರೆ. ಟೆಸ್ಟ್ ಲ್ಯಾಂಪ್ ಉರಿಯುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮಳೆಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮಾತ್ರ ಮನೆಯ ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್ ಎಲ್ಲದರ ಮೈಯಲ್ಲೂ ಕರೆಂಟು ಬರುತ್ತದೆ. ನಿಮ್ಮ ಬಚ್ಚಲ ನಲ್ಲಿ ಜುಮ್ಮೆನ್ನಲು ಗೀಸರ್ ಕಾಯಿಲ್, ಪಂಪು, ಈ ಜಂಪರ್, ಮೂರರಲ್ಲಿ ಯಾವುದಾದರೂ ಕಾರಣ ಇರಬಹುದು.

ಇನ್ನು ಸಿಡಿಲು.

ಮೊದಲು ಅದರ ಕಾಲ ತಿಳಿದುಕೊಳ್ಳಿ. ನಮ್ಮಲ್ಲಿ ಮಳೆ ಜಾಸ್ತಿ ಜೂನ್, ಜುಲೈನಲ್ಲಿ, ಸಿಡಿಲು ಜಾಸ್ತಿ ಆಗ ಅಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಹಗಲು-ರಾತ್ರಿ ಸುರಿಯುವ ಮಳೆಯ ಮೋಡಗಳು ಅಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ. ಸಿಡಿಲು ಹುಟ್ಟಲು ಮೋಡ ಹಲವು ಕಿಲೋಮೀಟರ್ ಎತ್ತರಕ್ಕೆ ಏರಿ, ಒಳಗೆ ಮಂಜಿನ ಹರಳುಗಳು ಒಂದಕ್ಕೊಂದು ಉಜ್ಜಿಕೊಳ್ಳಬೇಕು. ಆ ಮೋಡಗಳು ಬರುವುದು ಏಪ್ರಿಲ್‌ನಿಂದ ಮೇ ಕೊನೆಯ ಪತ್ತನಾಜೆಯ ಆಸುಪಾಸಿನವರೆಗೆ, ಮತ್ತೆ ದಸರೆಯಿಂದ ದೀಪಾವಳಿ ದಾಟುವವರೆಗೆ. ಹೆಚ್ಚಾಗಿ ಮಧ್ಯಾಹ್ನ ಮೂರರ ನಂತರ, ಘಟ್ಟದ ಕಡೆಯಿಂದ ಕಪ್ಪಾಗಿ ಬರುತ್ತವೆ. ನಿಮ್ಮ ತೆಂಗಿಗೆ ಬಡಿದದ್ದು ಅಕ್ಟೋಬರ್ ಸಂಜೆ, ಸರಿಯಾಗಿ ಅದೇ ಹೊತ್ತು. ಏಪ್ರಿಲ್‌ನಲ್ಲಿ ಮುರಕಲ್ಲು ಪೂರ್ತಿ ಒಣಗಿರುವುದರಿಂದ ಅರ್ಥಿಂಗ್ ಅತಿ ದುರ್ಬಲ ಇರುವುದೂ ಆಗಲೇ.

ಕತ್ತಿ ಎಸೆಯುವುದರಿಂದ ಸಿಡಿಲಿಗೆ ಏನೂ ಆಗುವುದಿಲ್ಲ. ಮೋಡದಿಂದ ಕಿಲೋಮೀಟರ್‌ಗಟ್ಟಲೆ ಇಳಿದು ಬರುವ ಮಿಂಚು, ನೆಲದ ಮೇಲೆ ಬಿದ್ದಿರುವ ಒಂದಡಿ ಕಬ್ಬಿಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನೋಡುವುದು ಎತ್ತರವನ್ನು. ಅಪಾಯ ಇರುವುದು ಕತ್ತಿ ಎಸೆಯಲು ಅಮ್ಮ ಅಂಗಳಕ್ಕೆ ಹೋಗುವ ಆ ಅರ್ಧ ನಿಮಿಷದಲ್ಲಿ. ಬೇಡ ಅಂದರೆ ಕೇಳುವ ವಯಸ್ಸಲ್ಲ, ಅಜ್ಜಿಯಿಂದ ಬಂದದ್ದು, ಮನಸ್ಸಿಗೆ ಧೈರ್ಯ ಕೊಡುತ್ತದೆ. ಮೋಡ ಕಪ್ಪಾಗುವಾಗಲೇ, ಗುಡುಗು ಶುರುವಾಗುವ ಮೊದಲೇ ಹಾಕಿ ಬಂದುಬಿಡಿ ಅಮ್ಮ ಅಂತ ಹೇಳಿ. ಅಷ್ಟಕ್ಕೆ ಒಪ್ಪುತ್ತಾರೆ.

ತಗಡಿನ ಶೀಟಿಗೂ ಅದೇ ಮಾತು. ಶೀಟು ಸಿಡಿಲನ್ನು ಕರೆಯುವುದಿಲ್ಲ, ಹಿಂದೆ ನಿಂತ ತೆಂಗು ಅದಕ್ಕಿಂತ ಎಷ್ಟೋ ಎತ್ತರ. ಆದರೆ ಶೀಟಿಗೂ ಅದರ ಕಬ್ಬಿಣದ ಕಂಬಗಳಿಗೂ ಅರ್ಥ್ ಕೊಡಿಸಲೇಬೇಕು. ಸಿಡಿಲಿಗಿಂತ ಮುಖ್ಯವಾಗಿ, ಶೀಟಿನ ಅಂಚಿಗೆ ಉಜ್ಜಿ ಸರ್ವಿಸ್ ವಯರ್ ಸುಲಿದರೆ ಇಡೀ ಅಂಗಳದ ಮಾಡೇ ಕರೆಂಟಾಗುತ್ತದೆ. ಆ ಕಂಬಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದರೆ ಇವತ್ತೇ ಬಿಚ್ಚಿಸಿ ನೈಲಾನ್ ಹಗ್ಗ ಕಟ್ಟಿಸಿ. ಒದ್ದೆ ಬಟ್ಟೆ ಹರವಲು ಹೋಗಿ ತಂತಿಯಲ್ಲಿ ಶಾಕ್ ಹೊಡೆಸಿಕೊಂಡು ಸತ್ತ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಹಗ್ಗ ಇದ್ದಿದ್ದರೆ ಉಳಿಯುತ್ತಿದ್ದ ಜೀವಗಳು ಅವು, ನೆನೆದರೆ ಸಂಕಟ ಆಗುತ್ತದೆ.

ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಅನ್ನುವುದು ಸುಳ್ಳು. ಚಾರ್ಜಿಗೆ ಹಾಕಿಕೊಂಡು ಮಾತಾಡಬಾರದು, ಅಷ್ಟೇ. ರಬ್ಬರ್ ಚಪ್ಪಲಿಯೂ ಕಾಯುವುದಿಲ್ಲ. ತೆಂಗಿನ ಮರ ಸಿಡಿಲನ್ನು ತಾನು ತೆಗೆದುಕೊಂಡು ಮನೆ ಉಳಿಸುತ್ತದೆ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಮರಕ್ಕೆ ಬಡಿದ ಸಿಡಿಲು ಪಕ್ಕಕ್ಕೂ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಡುತ್ತದೆ. ಹರಡುವಾಗ ಒಂದು ಕಾಲಿಗೂ ಇನ್ನೊಂದು ಕಾಲಿಗೂ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಹಸುಗಳ ಮುಂಗಾಲು-ಹಿಂಗಾಲು ದೂರ ದೂರ ಇರುವುದರಿಂದ ಅವಕ್ಕೆ ಪೆಟ್ಟು ಜಾಸ್ತಿ. ಹಟ್ಟಿ ಇದ್ದರೆ ಮರದ ಬುಡದಲ್ಲಿ ದನ ಕಟ್ಟುವುದು ಬೇಡ.

ಆ ಸಂಜೆ ಟಿವಿ, ಮೋಡೆಮ್, ಸ್ಟಾರ್ಟರ್ ಸುಟ್ಟದ್ದು ಸಿಡಿಲು ಮನೆಗೇ ಬಡಿದಿದ್ದರಿಂದ ಅಂತ ನನಗೆ ಅನಿಸುವುದಿಲ್ಲ. ತೆಂಗಿಗೆ ಬಡಿದಾಗ ಪಂಪಿನ ಉದ್ದ ಕೇಬಲ್, ಕಂಬದ ಲೈನು, ಡಿಶ್ ವಯರ್ ಇವುಗಳಲ್ಲಿ ಒಂದು ಕ್ಷಣ ಹೈ ವೋಲ್ಟೇಜ್ ನುಗ್ಗುತ್ತದೆ. ಸ್ವಿಚ್ ಆಫ್ ಮಾಡಿದರೆ ಇದು ನಿಲ್ಲುವುದಿಲ್ಲ, ಸ್ವಿಚ್ಚಿನ ಒಳಗಿನ ಅಂತರ ಕೆಲವು ಮಿಲಿಮೀಟರ್ ಮಾತ್ರ. ಪ್ಲಗ್ಗನ್ನೇ ಕೀಳಬೇಕು, ಟಿವಿಯ ಡಿಶ್ ಕೇಬಲನ್ನೂ. ಅದೂ ಗುಡುಗು ದೂರದಲ್ಲಿರುವಾಗ. ತಲೆ ಮೇಲೆ ಗುಡುಗುತ್ತಿದ್ದರೆ ಟಿವಿ ಹೋದರೆ ಹೋಗಲಿ, ಪ್ಲಗ್ ಮುಟ್ಟಲು ಹೋಗಬಾರದು.

ದೂರ ಅಳೆಯುವುದು ಸುಲಭ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ ಒಳಗೆ ಬರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗಬಾರದು. ಒಳಗಿರುವಾಗ ಸ್ನಾನ, ಪಾತ್ರೆ ತೊಳೆಯುವುದು ಬೇಡ. ಚಾವಡಿಯ ಅಂಚು, ಕಿಟಕಿಯ ಕಬ್ಬಿಣದ ಸರಳು ಬಿಟ್ಟು ನಡುಕೋಣೆಯಲ್ಲಿ ಕೂರಲಿ. ಅಪ್ಪನ ಹತ್ತಿರ ಸ್ಮಾರ್ಟ್‌ಫೋನ್ ಇದ್ದರೆ ದಾಮಿನಿ ಆ್ಯಪ್ ಹಾಕಿಕೊಡಿ. ಪುಣೆಯ ಐಐಟಿಎಂ ವಿಜ್ಞಾನಿಗಳು ಮಾಡಿದ್ದು, ಹತ್ತಿರದಲ್ಲಿ ಮಿಂಚುತ್ತಿದ್ದರೆ ಎಚ್ಚರಿಸುತ್ತದೆ. ಬೆಂಗಳೂರಿನಲ್ಲಿ ಕೂತು ನೀವೇ ನೋಡಿ ಫೋನ್ ಮಾಡಿದರೂ ಆಯಿತು.

65 ಸಾವಿರದ ಮಿಂಚುಬಂಧಕಕ್ಕೆ ನನ್ನ ಉತ್ತರ: ಈಗ ಬೇಡ. ಒಂದೇ ಕೋಲಿನಿಂದ 80 ಮೀಟರ್ ಸುತ್ತ ರಕ್ಷಣೆ ಅನ್ನುವ ಮಾತನ್ನು ನಮ್ಮ ಐಎಸ್/ಐಇಸಿ 62305 ಮಾನದಂಡ ಒಪ್ಪುವುದಿಲ್ಲ. ಅದರ ಪ್ರಕಾರ ವಿಶೇಷ ತಲೆಯಿದ್ದರೂ ಸಾದಾ ತಲೆಯಿದ್ದರೂ ಲೆಕ್ಕ ಒಂದೇ. ಕೋಲಿನ ಎತ್ತರ ಎಷ್ಟೋ, ಅದರ ಆಸುಪಾಸಿನಷ್ಟು ಜಾಗಕ್ಕೆ ಮಾತ್ರ ರಕ್ಷಣೆ. ಮನೆ ಗುಡ್ಡದ ನೆತ್ತಿಯಲ್ಲಿ ಒಂಟಿಯಾಗಿದ್ದರೆ ಸಾದಾ ತಾಮ್ರದ್ದು ಹಾಕಿಸುವುದರಲ್ಲಿ ಅರ್ಥ ಇದೆ. ಆದರೆ ಮಿಂಚುಬಂಧಕ ಸಿಡಿಲನ್ನು ತಡೆಯುವುದಿಲ್ಲ, ತನ್ನ ಮೇಲೆ ತೆಗೆದುಕೊಂಡು ನೆಲಕ್ಕೆ ಇಳಿಸುತ್ತದೆ. ಇಳಿಸುವ ಅರ್ಥ್ ಸರಿ ಇಲ್ಲದಿದ್ದರೆ ಸಿಡಿಲಿನ ಸುಮಾರು ಮೂವತ್ತು ಸಾವಿರ ಆಂಪಿಯರ್ ಮನೆಯ ವಯರಿಂಗ್, ಪೈಪು ಹುಡುಕಿಕೊಂಡು ಹಾರುತ್ತದೆ. ಅಂಥ ಕೋಲು ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಆ ದುಡ್ಡಿನ ಒಂದು ಪಾಲನ್ನು ಅರ್ಥಿಂಗ್‌ಗೆ ಹಾಕಿ. ಉಪ್ಪು-ಇದ್ದಿಲು ತುಂಬಿದ ಹಳೆ ಗುಂಡಿ ನಮ್ಮ ಮಳೆಗೆ ನಿಲ್ಲುವುದಿಲ್ಲ, ಉಪ್ಪು ತೊಳೆದು ಹೋಗುತ್ತದೆ, ಉಳಿದದ್ದು ಕಬ್ಬಿಣ ತಿನ್ನುತ್ತದೆ. ಬಚ್ಚಲ ನೀರು ಹರಿಯುವ ಬಾಳೆಬುಡದಂಥ ತಂಪು ಜಾಗ ಆರಿಸಿ. ಎರಡು-ಮೂರು ರಾಡುಗಳನ್ನು ಒಂದೊಂದರ ಉದ್ದಕ್ಕಿಂತ ಕಡಿಮೆಯಿಲ್ಲದ ಅಂತರದಲ್ಲಿ ಇಳಿಸಿ, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ, ಎಲ್ಲವನ್ನೂ ಸೇರಿಸಲಿ. ಆಮೇಲೆ ಮೀಟರ್ ಬೋರ್ಡಿನಲ್ಲಿ ಒಂದು ಎಸ್‌ಪಿಡಿ. ಲೈನಿನಲ್ಲಿ ನುಗ್ಗುವ ಹೈ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವುದು ಅದೇ. ಅದರಿಂದ ಅರ್ಥ್‌ಗೆ ಹೋಗುವ ವಯರ್ ಆದಷ್ಟು ಗಿಡ್ಡ ಇರಬೇಕು. ಎಸ್‌ಪಿಡಿಯ ಮೈ ಮೇಲಿನ ಪುಟ್ಟ ಕಿಟಕಿಯ ಹಸಿರು ಬಣ್ಣ ಕೆಂಪಾದರೆ ಬದಲಿಸಬೇಕು. ಎಸ್‌ಪಿಡಿ ಇದ್ದರೂ ಪ್ಲಗ್ ಕೀಳುವ ಅಭ್ಯಾಸ ಬಿಡಬಾರದು.

ಮುಟ್ಟಬಾರದಾ ಅಂತ ಕೇಳಿದ್ದೀರಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಧಾರಾಳವಾಗಿ ಮುಟ್ಟಬಹುದು, ಮುಟ್ಟಲೇಬೇಕು. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಬೇಕು, 108ರ ಆಂಬುಲೆನ್ಸ್ ಬರುವವರೆಗೆ. ಮನೆಯ ಕರೆಂಟು ಹೊಡೆದವರದ್ದು ಬೇರೆ. ಮೊದಲು ಮೈನ್ ಆಫ್, ಇನ್ವರ್ಟರ್ ಆಫ್, ಆಮೇಲೆಯೇ ಮುಟ್ಟುವುದು. ಗಾಳಿಗೆ ಮಡಲು ಬಿದ್ದು ಕಂಬದ ತಂತಿ ತುಂಡಾಗಿ ತೋಟದಲ್ಲಿ ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಂತು ಮೆಸ್ಕಾಂನ 1912ಕ್ಕೆ ಫೋನ್. ಕೋಲಿನಿಂದ ಸರಿಸುವ ಸಾಹಸ ಬೇಡ. ಅಡಕೆ ಕೊಯ್ಯುವವರು ಈಗ ತರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಫೈಬರ್ ಅಂದಕೂಡಲೇ ಪ್ಲಾಸ್ಟಿಕ್ ಅಂದುಕೊಳ್ಳುತ್ತಾರೆ. ತೋಟದ ಮೇಲೆ ಲೈನು ಹೋಗಿದ್ದರೆ ಕೆಲಸದವರಿಗೆ ಮೊದಲೇ ಹೇಳಲಿ.

ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿದಾಗ ಮೂರು ಅಂಕಿ ಬರೆಸಿಕೊಳ್ಳಿ: ವಯರಿಂಗಿನ ಮೆಗ್ಗರ್ ಅಳತೆ, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು, ಅರ್ಥ್ ಗುಂಡಿಯ ಓಮ್. ಮೂರನೆಯದನ್ನು ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆಸಿ, ಜುಲೈಯ ಒದ್ದೆ ನೆಲದಲ್ಲಿ ಯಾವ ಗುಂಡಿಯೂ ಚೆನ್ನಾಗಿಯೇ ಕಾಣುತ್ತದೆ. ಆ ಏಪ್ರಿಲ್‌ನ ಅಂಕಿ, ಮನೆ ಮತ್ತು ಮರಗಳ ಒಂದೆರಡು ಫೋಟೊ ಕಳಿಸಿಕೊಡಿ. ಮಿಂಚುಬಂಧಕ ಬೇಕಾ ಅನ್ನುವುದನ್ನು ಆಗ ನೋಡಿ ಹೇಳುತ್ತೇನೆ.